05/06 ಅಂದರೆ ಜೂನ್ ಐದೋ, ಮೇ ಆರೋ? ಫೋನ್, ಲ್ಯಾಪ್‌ಟಾಪ್, ಎಕ್ಸೆಲ್‌ನಲ್ಲಿ ತಾರೀಖು-ಟೈಮ್ ಸರಿಮಾಡುವ ಪೂರ್ತಿ ಮಾರ್ಗದರ್ಶಿ

ಅಮೆರಿಕದ ಯೂನಿವರ್ಸಿಟಿಯಿಂದ ಒಂದು ಮೇಲ್ ಬರುತ್ತದೆ ಅಂದುಕೊಳ್ಳಿ. ಹಾಸ್ಟೆಲ್ ಶುಲ್ಕ ಕಟ್ಟಲು ಕೊನೆಯ ದಿನ 07/08 ಎಂದಿದೆ. ದಾವಣಗೆರೆಯಲ್ಲಿ ಕೂತು ಓದುವ ಹುಡುಗನಿಗೆ ಅದು ಆಗಸ್ಟ್ ಏಳು. ಕಳಿಸಿದವರ ಲೆಕ್ಕದಲ್ಲಿ ಜುಲೈ ಎಂಟು. ಅದೇ 25/08 ಅಂತ ಇದ್ದರೆ ಯಾರೂ ಎಡವುವುದಿಲ್ಲ, 25ನೇ ತಿಂಗಳು ಎಲ್ಲೂ ಇಲ್ಲವಲ್ಲ. ತೊಂದರೆ ಇರುವುದೆಲ್ಲ ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ. ವರ್ಷಕ್ಕೆ ಅಂಥ ದಿನಗಳು 144. ಅದರಲ್ಲಿ 01/01, 02/02 ಥರದ 12 ದಿನಗಳನ್ನು ಹೇಗೆ ಓದಿದರೂ ಒಂದೇ. ಉಳಿದ 132 ದಿನಗಳನ್ನು ತಪ್ಪಾಗಿ ಓದಿದರೂ ಅದು ಸರಿಯಾದ ತಾರೀಖಿನ ಥರವೇ ಕಾಣುತ್ತದೆ. ಕಂಪ್ಯೂಟರ್ ಕೂಡ ಎಚ್ಚರಿಸುವುದಿಲ್ಲ.

ಫೋನಿನಿಂದ ಶುರುಮಾಡಿ ಸಿಸಿಟಿವಿವರೆಗೆ ಒಂದೊಂದನ್ನೇ ಸರಿಮಾಡೋಣ. ನಮ್ಮಲ್ಲಿ ಜಾಸ್ತಿ ಜನರ ಫೋನು ಇಂಗ್ಲಿಷಿನಲ್ಲೇ ಇರುವುದರಿಂದ ಮೆನು ಹೆಸರುಗಳನ್ನೂ ಹಾಗೇ ಕೊಟ್ಟಿದ್ದೇನೆ. ಕಂಪನಿಯಿಂದ ಕಂಪನಿಗೆ ಹೆಸರು ಒಂಚೂರು ಆಚೀಚೆ ಆಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲ್ಗಡೆ ಇರುವ ಹುಡುಕುವ ಜಾಗದಲ್ಲಿ 'ಡೇಟ್' ಎಂದು ಟೈಪ್ ಮಾಡಿ.

ಮೊದಲು ಮೂರನ್ನು ಬೇರೆ ಬೇರೆ ಮಾಡಿಕೊಳ್ಳಿ

ಫೋನಿನ ಮೂಲೆಯಲ್ಲಿ 6:40 ಎಂದು ಕಾಣುತ್ತದಲ್ಲ, ಅದರ ಹಿಂದೆ ಮೂರು ಸಂಗತಿಗಳು ಕೆಲಸ ಮಾಡುತ್ತಿರುತ್ತವೆ.

ಒಂದು, ಗಡಿಯಾರ. ಇದು ಒಳಗಡೆ ಓಡುವ ಲೆಕ್ಕ. ಹೆಚ್ಚಿನ ಫೋನು, ಸರ್ವರ್‌ಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಆಯಿತು ಅಂತ ಎಣಿಸುತ್ತಾ ಹೋಗುತ್ತವೆ. ಈ ಎಣಿಕೆ ಮೈಸೂರಿನಲ್ಲೂ ಒಂದೇ, ನ್ಯೂಯಾರ್ಕಿನಲ್ಲೂ ಒಂದೇ. ಇದಕ್ಕೆ ಆಧಾರ ಯುಟಿಸಿ ಎಂಬ ಜಾಗತಿಕ ಸಮಯ.

ಎರಡು, ಟೈಮ್ ಝೋನ್. ಆ ಎಣಿಕೆಯನ್ನು ನಮ್ಮ ಊರಿನ ಹೊತ್ತಿಗೆ ಬದಲಿಸುವುದು ಇದರ ಕೆಲಸ. ಭಾರತದ್ದು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವೇ ಇಡೀ ದೇಶದ ಸಮಯ. ಕಂಪ್ಯೂಟರುಗಳ ಪಟ್ಟಿಯಲ್ಲಿ ಇದು 'ಏಷ್ಯಾ/ಕೋಲ್ಕತ್ತಾ' ಎಂಬ ಹೆಸರಲ್ಲಿ ಇರುತ್ತದೆ. ಬೆಂಗಳೂರು ಎಂದು ಹುಡುಕಿ ಸಿಗದಿದ್ದರೆ ಗಾಬರಿ ಬೇಡ.

ಮೂರು, ಫಾರ್ಮ್ಯಾಟ್. ದಿನ ಮೊದಲೋ ತಿಂಗಳು ಮೊದಲೋ, 12 ಗಂಟೆಯೋ 24 ಗಂಟೆಯೋ, ಮಧ್ಯೆ ಗೀಟೋ ಚುಕ್ಕೆಯೋ. ಇದು ಬರೀ ತೋರಿಸುವ ರೀತಿ. ಇದನ್ನು ಬದಲಿಸಿದರೆ ಒಳಗಿನ ಸಮಯಕ್ಕೆ ಏನೂ ಆಗುವುದಿಲ್ಲ.

ಜನ ಎಡವುವುದು ಇವನ್ನು ಕಲಸಿಕೊಂಡಾಗ. ಝೋನ್ ತಪ್ಪಿರುತ್ತದೆ, ಅದನ್ನು ನೋಡದೆ ಗಡಿಯಾರದ ಮುಳ್ಳನ್ನೇ ಕೈಯಿಂದ ತಿರುಗಿಸುತ್ತಾರೆ. ಕನ್ನಡಕದ ನಂಬರ್ ಸರಿಯಿಲ್ಲ ಅಂತ ಪುಸ್ತಕದ ಅಕ್ಷರ ತಿದ್ದಿದ ಹಾಗೆ. ಪರದೆಯ ಮೇಲೆ ಟೈಮ್ ಸರಿಯಾಗಿ ಕಾಣುತ್ತದೆ, ಒಳಗಿನ ಲೆಕ್ಕ ಹಾಳಾಗಿರುತ್ತದೆ. ಆಮೇಲೆ ವೆಬ್‌ಸೈಟುಗಳು ಸರ್ಟಿಫಿಕೇಟ್ ಸರಿಯಿಲ್ಲ ಅನ್ನುತ್ತವೆ. ವಾಟ್ಸ್ಆ್ಯಪ್ ನಿಮ್ಮ ಫೋನಿನ ತಾರೀಖು ತಪ್ಪು ಅನ್ನುತ್ತದೆ. 30 ಸೆಕೆಂಡಿಗೊಮ್ಮೆ ಕೋಡ್ ಬದಲಿಸುವ ಆಥೆಂಟಿಕೇಟರ್ ಆ್ಯಪಿನ ಕೋಡು ಯಾವುದೂ ಹತ್ತುವುದಿಲ್ಲ. ಆದ್ದರಿಂದ ಯಾವಾಗಲೂ ಇದೇ ಕ್ರಮದಲ್ಲಿ ಹೋಗಿ: ಮೊದಲು ಗಡಿಯಾರವನ್ನು ಆಟೋಮ್ಯಾಟಿಕ್‌ಗೆ ಹಾಕಿ, ಆಮೇಲೆ ಝೋನ್ ನೋಡಿ, ಕೊನೆಗೆ ಫಾರ್ಮ್ಯಾಟ್.

ಎಷ್ಟು ಹೊತ್ತು ತಪ್ಪಿದೆ ಅನ್ನುವುದರಲ್ಲೇ ಉತ್ತರ ಇದೆ

ಸೆಟ್ಟಿಂಗ್ ತೆರೆಯುವ ಮುಂಚೆ ಸರಿಯಾದ ಸಮಯಕ್ಕೂ ಯಂತ್ರ ತೋರಿಸುತ್ತಿರುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿ.

ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಯಂತ್ರ ಯುಟಿಸಿ ತೋರಿಸುತ್ತಿದೆ. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಂಡವರಿಗೂ ಈ ಐದೂವರೆ ಗಂಟೆ ಚೆನ್ನಾಗಿ ಗೊತ್ತು. ಮದರ್‌ಬೋರ್ಡಿನ ಗಡಿಯಾರ ಸ್ಥಳೀಯ ಸಮಯದಲ್ಲಿದೆ ಅಂತ ವಿಂಡೋಸ್ ನಂಬುತ್ತದೆ, ಲಿನಕ್ಸ್ ಅದನ್ನು ಯುಟಿಸಿ ಎಂದು ಹಿಡಿಯುತ್ತದೆ. ಎರಡರಲ್ಲಿ ಒಂದಕ್ಕೆ ಇನ್ನೊಂದರ ರೂಢಿ ಕಲಿಸಿದರೆ ಜಗಳ ಮುಗಿಯುತ್ತದೆ.

ಎರಡೂವರೆ ಗಂಟೆ ಮುಂದಿದ್ದರೆ ಬೀಜಿಂಗ್ ಅಥವಾ ಸಿಂಗಾಪುರದ ಸಮಯ. ಅರ್ಧ ಗಂಟೆ ಹಿಂದಿದ್ದರೆ ಪಟ್ಟಿಯಲ್ಲಿ ಕರಾಚಿ ಆರಿಸಿದ್ದೀರಿ, ಅರ್ಧ ಗಂಟೆ ಮುಂದಿದ್ದರೆ ಢಾಕಾ. ಕಾಲು ಗಂಟೆ ಮುಂದಿದ್ದರೆ ಕಠ್ಮಂಡು, ನೇಪಾಳದ್ದು ಐದೂಮುಕ್ಕಾಲು ಗಂಟೆಯ ಲೆಕ್ಕ. ಶ್ರೀಲಂಕಾ ಆರಿಸಿದ್ದರೆ ಗೊತ್ತೇ ಆಗುವುದಿಲ್ಲ, ಅವರದೂ ನಮ್ಮದೂ ಒಂದೇ. ಹನ್ನೆರಡು ಗಂಟೆ ತಪ್ಪಿದ್ದರೆ ಎಎಂ-ಪಿಎಂ ಅದಲುಬದಲು. ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಹಿಂದಿದ್ದರೆ ಅದು ಕ್ಯಾಲಿಫೋರ್ನಿಯಾ.

ತಾರೀಖು 1 ಜನವರಿ 1970, ಬೆಳಗ್ಗೆ 5:30 ಎಂದು ಕಂಡರೆ? ಅಲ್ಲಿ ತಾರೀಖೇ ಇಲ್ಲ, ಸೊನ್ನೆ ಇದೆ ಎಂದರ್ಥ. ಸೊನ್ನೆ ಸೆಕೆಂಡು ಅಂದರೆ 1970ರ ಮೊದಲ ಮಧ್ಯರಾತ್ರಿ, ಅದಕ್ಕೆ ನಮ್ಮ ಐದೂವರೆ ಗಂಟೆ ಸೇರಿದೆ ಅಷ್ಟೇ.

ಇನ್ನೊಂದು ವಿಚಿತ್ರ ತೊಂದರೆ ಇದೆ. ಹುಟ್ಟಿದ ದಿನ 5 ಎಂದು ತುಂಬಿದ್ದೀರಿ, ಆ್ಯಪಿನಲ್ಲಿ 4 ಎಂದು ಕಾಣುತ್ತದೆ. ಆ್ಯಪಿನಿಂದ ಡೇಟಾ ಇಳಿಸಿ ನೋಡಿದರೆ '2025-06-04ಟಿ18:30:00ಝಡ್' ಥರದ ಒಂದು ಸಾಲು ಸಿಗುತ್ತದೆ. ಕೊನೆಯ ಝಡ್ ಅಂದರೆ ಇದು ಯುಟಿಸಿ. ಜೂನ್ 4ರ 18:30ಕ್ಕೆ ಐದೂವರೆ ಗಂಟೆ ಸೇರಿಸಿ, ಜೂನ್ 5ರ ಮಧ್ಯರಾತ್ರಿ ಬಂತು. ಬರೀ ತಾರೀಖು ಸಾಕಾಗಿದ್ದ ಕಡೆ ಯಾರೋ ಗಂಟೆಯನ್ನೂ ಸೇರಿಸಿ ಉಳಿಸಿದ್ದಾರೆ, ಅದಕ್ಕೇ ಒಂದು ದಿನ ಹಿಂದೆ ಸರಿದಿದೆ. ಎಲ್ಲ ಸಾಲಿನಲ್ಲೂ 18:30 ಕಂಡರೆ ಅನುಮಾನವೇ ಬೇಡ, ಐದೂವರೆ ಗಂಟೆ ಸೇರಿಸಿ ಓದಿ.

ಯಾರು ಹೇಗೆ ಬರೆಯುತ್ತಾರೆ

ತಿಂಗಳು ಮೊದಲು, ದಿನ ಆಮೇಲೆ, ಕೊನೆಗೆ ವರ್ಷ: ಇದು ಅಮೆರಿಕದ ರೂಢಿ. ಭಾರತ, ಬ್ರಿಟನ್, ಆಸ್ಟ್ರೇಲಿಯಾ ಸೇರಿ ಬಹುಪಾಲು ದೇಶಗಳಲ್ಲಿ ದಿನ ಮೊದಲು. ಜರ್ಮನಿ, ರಷ್ಯಾದಲ್ಲಿ ಕ್ರಮ ನಮ್ಮದೇ, ಮಧ್ಯೆ ಗೀಟಿನ ಬದಲು ಚುಕ್ಕೆ: 05.06.2025. ಜಪಾನ್, ಚೀನಾ, ಕೊರಿಯಾ, ಹಂಗೇರಿಯಲ್ಲಿ ವರ್ಷ ಮೊದಲು. ಕೆನಡಾದಲ್ಲಿ ಮೂರೂ ಓಡಾಡುತ್ತವೆ, ಅಲ್ಲಿರುವ ನಮ್ಮವರು ಪ್ರತಿ ಫಾರಂನಲ್ಲೂ ಖಾನೆಯ ಕೆಳಗಿನ ಸಣ್ಣ ಅಕ್ಷರ ಓದಲೇಬೇಕು.

ಕೆಲವು ಕಡೆ ವರ್ಷವೇ ಬೇರೆ. ಥಾಯ್ಲೆಂಡಿನ ಬೌದ್ಧ ವರ್ಷ ನಮ್ಮದಕ್ಕಿಂತ 543 ಜಾಸ್ತಿ. ನೇಪಾಳದಲ್ಲಿ ವಿಕ್ರಮ ಸಂವತ್. ನಮ್ಮಲ್ಲೂ 1957ರ ಮಾರ್ಚ್ 22ರಿಂದ ಶಕ ವರ್ಷದ ರಾಷ್ಟ್ರೀಯ ಪಂಚಾಂಗ ಜಾರಿಯಲ್ಲಿದೆ. ಸರಕಾರಿ ಗೆಜೆಟ್ಟಿನ ಮೇಲೆ ಅದು ಕಾಣಿಸುತ್ತದೆ, ಫೋನಿನಲ್ಲಿ ಯಾರೂ ಹಾಕಿಕೊಳ್ಳುವುದಿಲ್ಲ.

ಆಂಡ್ರಾಯ್ಡ್ ಫೋನ್

ಇಲ್ಲಿ ಗೊಂದಲದ ಮೂಲ ಸಾಮಾನ್ಯವಾಗಿ ಒಂದೇ. ಹೊಸ ಫೋನ್ ಆನ್ ಮಾಡಿದಾಗ ಭಾಷೆ ಕೇಳುತ್ತದೆ, ನಾವು ಪಟ್ಟಿಯಲ್ಲಿ ಮೊದಲು ಕಂಡ 'ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)' ಒತ್ತಿ ಮುಂದೆ ಹೋಗುತ್ತೇವೆ. ಅಲ್ಲಿಗೆ ತಾರೀಖೂ ಅಮೆರಿಕದ್ದಾಯಿತು. ಹೊಸ ಆಂಡ್ರಾಯ್ಡ್‌ಗಳಲ್ಲಿ ತಾರೀಖಿನ ಕ್ರಮಕ್ಕೆ ಅಂತ ಬೇರೆ ಬಟನ್ ಸಾಮಾನ್ಯವಾಗಿ ಇರುವುದಿಲ್ಲ, ಅದು ಭಾಷೆ ಮತ್ತು ದೇಶದ ಜೊತೆಗೇ ಬರುತ್ತದೆ.

1. ಸೆಟ್ಟಿಂಗ್ಸ್ → ಸಿಸ್ಟಮ್ → ಲ್ಯಾಂಗ್ವೇಜಸ್ ತೆರೆಯಿರಿ. ಸ್ಯಾಮ್‌ಸಂಗ್‌ನಲ್ಲಿ ಇದು 'ಜನರಲ್ ಮ್ಯಾನೇಜ್‌ಮೆಂಟ್' ಒಳಗಿದೆ.
2. 'ಆ್ಯಡ್ ಲ್ಯಾಂಗ್ವೇಜ್' ಒತ್ತಿ, ಇಂಗ್ಲಿಷ್ ಆರಿಸಿ, ದೇಶಗಳ ಪಟ್ಟಿಯಲ್ಲಿ ಇಂಡಿಯಾ ಹುಡುಕಿ.
3. ಅದನ್ನು ಪಟ್ಟಿಯ ಮೇಲಕ್ಕೆ ಎಳೆಯಿರಿ. ಮೊದಲ ಸ್ಥಾನದಲ್ಲಿರುವುದೇ ಲೆಕ್ಕಕ್ಕೆ ಬರುವುದು.
4. ಈಗ ಸೆಟ್ಟಿಂಗ್ಸ್ → ಸಿಸ್ಟಮ್ → ಡೇಟ್ ಆಂಡ್ ಟೈಮ್. ಸಮಯ ಮತ್ತು ಝೋನ್ ಎರಡಕ್ಕೂ 'ಆಟೋಮ್ಯಾಟಿಕ್' ಆನ್ ಇರಲಿ.
5. 24 ಗಂಟೆ ಬೇಕಿದ್ದರೆ 'ಯೂಸ್ ಲೊಕೇಲ್ ಡೀಫಾಲ್ಟ್' ಆಫ್ ಮಾಡಿ (ಲೊಕೇಲ್ ಅಂದರೆ ಆರಿಸಿದ ಭಾಷೆ ಮತ್ತು ದೇಶದ ರೂಢಿ). ಆಗ ಕೆಳಗಿನ 'ಯೂಸ್ 24-ಅವರ್ ಫಾರ್ಮ್ಯಾಟ್' ತೆರೆದುಕೊಳ್ಳುತ್ತದೆ.

ಭಾಷೆ ಕನ್ನಡಕ್ಕೆ ಬದಲಿಸಿದರೆ ತಿಂಗಳು, ವಾರದ ಹೆಸರು ಕನ್ನಡದಲ್ಲಿ ಬರುತ್ತದೆ, ಅಂಕಿ ಮಾತ್ರ 1, 2, 3 ಆಗೇ ಉಳಿಯುತ್ತದೆ. ಎಎಂ, ಪಿಎಂ ಜಾಗದಲ್ಲಿ ಪೂರ್ವಾಹ್ನ, ಅಪರಾಹ್ನ ಎಂದು ಬರುವುದು ಕೆಲವರಿಗೆ ಕಿರಿಕಿರಿ. 24 ಗಂಟೆ ಹಾಕಿಕೊಂಡರೆ ಆ ತಾಪತ್ರಯವೇ ಇಲ್ಲ.

ಆಂಡ್ರಾಯ್ಡ್ 14ರಿಂದ ಈಚೆಗೆ 'ರೀಜನಲ್ ಪ್ರಿಫರೆನ್ಸಸ್' ಎಂಬ ಜಾಗವೂ ಬಂದಿದೆ. ವಾರ ಭಾನುವಾರದಿಂದಲೋ ಸೋಮವಾರದಿಂದಲೋ ಎಂಬುದನ್ನು ಅಲ್ಲಿ ಬದಲಿಸಬಹುದು.

ಐಫೋನ್ ಮತ್ತು ಮ್ಯಾಕ್

ಆ್ಯಪಲ್‌ನವರು ಭಾಷೆ ಮತ್ತು ರೀಜನ್ ಎರಡನ್ನೂ ಬೇರೆ ಇಟ್ಟಿದ್ದಾರೆ, ಇದು ಒಳ್ಳೆಯದೇ. ಸೆಟ್ಟಿಂಗ್ಸ್ → ಜನರಲ್ → ಲ್ಯಾಂಗ್ವೇಜ್ ಆಂಡ್ ರೀಜನ್‌ಗೆ ಹೋಗಿ ರೀಜನ್‌ನಲ್ಲಿ ಇಂಡಿಯಾ ಹಾಕಿದರೆ ಮುಗಿಯಿತು. ತಾರೀಖು, ಸಂಖ್ಯೆ ಹೇಗೆ ಕಾಣುತ್ತದೆ ಎಂಬ ಮಾದರಿ ಪುಟದ ಕೆಳಗಡೆಯೇ ಇರುತ್ತದೆ. ರೀಜನ್ ಬದಲಿಸಿದರೆ ಆ್ಯಪ್ ಸ್ಟೋರ್‌ನ ದೇಶ ಬದಲಾಗಿ ಖರೀದಿಸಿದ್ದೆಲ್ಲ ಹೋಗುತ್ತದೆ ಎಂಬ ಭಯ ಕೆಲವರಿಗಿದೆ. ಹಾಗೇನೂ ಆಗುವುದಿಲ್ಲ, ಸ್ಟೋರ್‌ನ ದೇಶ ನಿಮ್ಮ ಆ್ಯಪಲ್ ಅಕೌಂಟಿನಲ್ಲಿ ಬೇರೆಯಾಗಿಯೇ ಇರುತ್ತದೆ.

ಅಮೆರಿಕದಲ್ಲಿರುವವರು ರೀಜನ್ ಅಲ್ಲಿಯದೇ ಇಟ್ಟುಕೊಂಡು ಹೊಸ ಐಓಎಸ್‌ನ ಅದೇ ಪುಟದಲ್ಲಿರುವ 'ಡೇಟ್ ಫಾರ್ಮ್ಯಾಟ್' ಮಾತ್ರ ಬದಲಿಸಬಹುದು. 24 ಗಂಟೆಯ ಬಟನ್ ಇರುವುದು ಜನರಲ್ → ಡೇಟ್ ಆಂಡ್ ಟೈಮ್‌ನಲ್ಲಿ. ಮ್ಯಾಕ್‌ನಲ್ಲೂ ಸಿಸ್ಟಮ್ ಸೆಟ್ಟಿಂಗ್ಸ್ → ಜನರಲ್ ಒಳಗೆ ಇವೇ ಎರಡು ಪುಟ.

ಫೋನಿನಲ್ಲಿ 2025ರ ಬದಲು 2568 ಎಂಬಂಥ ವರ್ಷ ಕಂಡರೆ ಮಗು ಏನೋ ಒತ್ತಿದೆ ಅಂತಲೇ ಲೆಕ್ಕ. ಲ್ಯಾಂಗ್ವೇಜ್ ಆಂಡ್ ರೀಜನ್ ಪುಟದ 'ಕ್ಯಾಲೆಂಡರ್' ಬುದ್ಧಿಸ್ಟ್ ಆಗಿರುತ್ತದೆ. ಗ್ರೆಗೋರಿಯನ್ ಆರಿಸಿ.

ವಿಂಡೋಸ್

ಆಫೀಸಿನ ಲ್ಯಾಪ್‌ಟಾಪುಗಳು ಅಮೆರಿಕದ ಸೆಟ್ಟಿಂಗಿನಲ್ಲೇ ಕೈಗೆ ಬರುವುದು ಹೆಚ್ಚು. ವಿಂಡೋಸ್ 11ರಲ್ಲಿ ಹೀಗೆ ಮಾಡಿ.

1. ಸೆಟ್ಟಿಂಗ್ಸ್ → ಟೈಮ್ ಆಂಡ್ ಲ್ಯಾಂಗ್ವೇಜ್ → ಡೇಟ್ ಆಂಡ್ ಟೈಮ್. ಝೋನ್ ಪಟ್ಟಿಯಲ್ಲಿ 'ಚೆನ್ನೈ, ಕೋಲ್ಕತ್ತಾ, ಮುಂಬೈ, ನ್ಯೂ ಡೆಲ್ಲಿ' ಇರುವ ಸಾಲು ನಮ್ಮದು.
2. ಹಿಂದಕ್ಕೆ ಬಂದು ಲ್ಯಾಂಗ್ವೇಜ್ ಆಂಡ್ ರೀಜನ್ ತೆರೆಯಿರಿ. ಇಲ್ಲಿ ಎರಡು ಸಾಲುಗಳಿವೆ: 'ಕಂಟ್ರಿ ಆರ್ ರೀಜನ್' ಮತ್ತು 'ರೀಜನಲ್ ಫಾರ್ಮ್ಯಾಟ್'. ತಾರೀಖಿನ ಮೇಲೆ ಹಿಡಿತ ಇರುವುದು ಎರಡನೆಯದಕ್ಕೆ. ಮೊದಲನೆಯದನ್ನು ಇಂಡಿಯಾ ಮಾಡಿ, ಏನೂ ಬದಲಾಗಲಿಲ್ಲ ಅಂತ ಬಿಟ್ಟವರೇ ಜಾಸ್ತಿ.
3. ರೀಜನಲ್ ಫಾರ್ಮ್ಯಾಟ್‌ಗೆ 'ಇಂಗ್ಲಿಷ್ (ಇಂಡಿಯಾ)' ಹಾಕಿ. ತಾರೀಖು 05-06-2025 ರೂಪಕ್ಕೆ ಬರುತ್ತದೆ. ಜೊತೆಗೆ ಒಂದು ಲಕ್ಷವೂ 1,00,000 ಎಂದು ನಮ್ಮ ಅಲ್ಪವಿರಾಮದಲ್ಲಿ ಬರುತ್ತದೆ.
4. ತೆರೆದಿರುವ ಎಕ್ಸೆಲ್ ಮುಚ್ಚಿ ಮತ್ತೆ ತೆರೆಯಿರಿ.

ನಿಮ್ಮದೇ ರೂಪ ಬೇಕೆಂದರೆ ಕಂಟ್ರೋಲ್ ಪ್ಯಾನೆಲ್ → ರೀಜನ್ → ಅಡಿಷನಲ್ ಸೆಟ್ಟಿಂಗ್ಸ್ → ಡೇಟ್ ಎಂಬಲ್ಲಿಗೆ ಹೋಗಿ. ಅಲ್ಲಿ ಅಕ್ಷರ ಬರೆಯುವಾಗ ದೊಡ್ಡದು ಸಣ್ಣದರ ಮೇಲೆ ಕಣ್ಣಿರಲಿ. ದೊಡ್ಡ ಎಂ ಅಂದರೆ ತಿಂಗಳು, ಸಣ್ಣ ಎಂ ಅಂದರೆ ನಿಮಿಷ. ದೊಡ್ಡ ಎಚ್ 24 ಗಂಟೆಗೆ, ಸಣ್ಣ ಎಚ್ 12 ಗಂಟೆಗೆ. ದೊಡ್ಡ ಎಂ ಎರಡು ಸಲ ಬರೆದರೆ 06, ಮೂರು ಸಲ ಬರೆದರೆ 'ಜೂನ್'. ನನ್ನನ್ನು ಕೇಳಿದರೆ ಮೂರು ಎಂ ಹಾಕುವುದೇ ಸರಿ. ತಿಂಗಳ ಹೆಸರು ಕಂಡ ಮೇಲೆ ಯಾವ ದೇಶದವರು ನೋಡಿದರೂ ಒಂದೇ.

ಗೂಗಲ್ ಕ್ಯಾಲೆಂಡರ್

ಇದು ಫೋನಿನ ಮಾತನ್ನು ಪೂರ್ತಿ ಕೇಳುವುದಿಲ್ಲ. ಕಂಪ್ಯೂಟರಿನಲ್ಲಿ ತೆರೆದು, ಗೇರ್ ಚಿಹ್ನೆ → ಸೆಟ್ಟಿಂಗ್ಸ್ → ಲ್ಯಾಂಗ್ವೇಜ್ ಆಂಡ್ ರೀಜನ್‌ನಲ್ಲಿ ದೇಶ, ತಾರೀಖು, ಸಮಯದ ರೂಪ ಮೂರನ್ನೂ ಬೇರೆಯಾಗಿ ಹಾಕಬೇಕು. ಅದರ ಕೆಳಗೆ ಟೈಮ್ ಝೋನ್ ಇದೆ. ಮಗಳು ಡಲ್ಲಾಸ್‌ನಲ್ಲಿದ್ದರೆ ಅಲ್ಲೇ ಎರಡನೆಯ ಝೋನ್ ಸೇರಿಸಿ. ದಿನದ ಪಟ್ಟಿಯ ಪಕ್ಕ ಎರಡು ಊರಿನ ಗಂಟೆಗಳೂ ನಿಲ್ಲುತ್ತವೆ, ಬೆರಳು ಮಡಚಿ ಲೆಕ್ಕ ಹಾಕುವ ಕೆಲಸ ತಪ್ಪುತ್ತದೆ.

ಎಕ್ಸೆಲ್: ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ

ಫೋನಿನಲ್ಲಿ ತಾರೀಖು ತಿರುಗಾಮುರುಗಾ ಕಂಡರೆ ಕಿರಿಕಿರಿ ಅಷ್ಟೇ. ಎಕ್ಸೆಲ್‌ನಲ್ಲಿ ಹಾಗಾದರೆ ಡೇಟಾ ಕೆಟ್ಟುಹೋಗುತ್ತದೆ.

ಎಕ್ಸೆಲ್‌ಗೆ ತಾರೀಖು ಅಂದರೆ ಒಂದು ಸಂಖ್ಯೆ. 1900ರ ಜನವರಿ 1 ಅದಕ್ಕೆ 1. 2023ರ ಮಾರ್ಚ್ 15 ಅಂದರೆ 45000. 2025ರ ಮೇ 6 ಅಂದರೆ 45783, ಜೂನ್ 5 ಅಂದರೆ 45813.

ಈಗ ಅಮೆರಿಕದಿಂದ ಬಂದ ಒಂದು ಸಿಎಸ್‌ವಿ ಫೈಲನ್ನು (ಖಾನೆಗಳ ಮಧ್ಯೆ ಅಲ್ಪವಿರಾಮ ಹಾಕಿದ ಬರೀ ಅಕ್ಷರದ ಫೈಲು) ತೆರೆಯೋಣ. ಅದರಲ್ಲಿ ಎರಡು ಸಾಲು: 05/06/2025 ಮತ್ತು 05/13/2025. ಬರೆದವರ ಪ್ರಕಾರ ಇವು ಮೇ 6 ಮತ್ತು ಮೇ 13. ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದ ಕೂಡಲೇ ಮೊದಲನೆಯದು ಜೂನ್ 5 ಆಗಿ, 45813 ಎಂದು ಒಳಗೆ ಕೂತುಬಿಡುತ್ತದೆ. ಎರಡನೆಯದರಲ್ಲಿ 13ನೇ ತಿಂಗಳು ಎಕ್ಸೆಲ್‌ಗೆ ಅರ್ಥವಾಗುವುದಿಲ್ಲ, ಅದನ್ನು ಬರೀ ಅಕ್ಷರ ಎಂದು ಬಿಟ್ಟುಬಿಡುತ್ತದೆ. ಇದರ ಗುರುತು ಕಣ್ಣಿಗೆ ಕಾಣುತ್ತದೆ: ಸಂಖ್ಯೆಯಾದವು ಖಾನೆಯ ಬಲಕ್ಕೆ ಅಂಟಿಕೊಂಡಿರುತ್ತವೆ, ಅಕ್ಷರವಾಗಿ ಉಳಿದವು ಎಡಕ್ಕೆ. ಒಂದೇ ಕಾಲಂನಲ್ಲಿ ಅರ್ಧ ಎಡ, ಅರ್ಧ ಬಲ ಕಂಡರೆ ಅಲ್ಲೇ ನಿಲ್ಲಿ. ಎಡಕ್ಕಿರುವವು ಸರಿ ಇಲ್ಲ ಅಂತ ಅವನ್ನು ಮಾತ್ರ ತಿದ್ದುತ್ತಾ ಕೂರುತ್ತಾರೆ. ನಿಜವಾಗಿ ಕೆಟ್ಟಿರುವುದು ಬಲಕ್ಕಿರುವವು.

ಸರಿಯಾದ ದಾರಿ ಇದು.

1. ಫೈಲನ್ನು ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆರೆದು ಡೇಟಾ → ಫ್ರಮ್ ಟೆಕ್ಸ್ಟ್/ಸಿಎಸ್‌ವಿ ಒತ್ತಿ ಫೈಲ್ ಆರಿಸಿ.
2. ಮುನ್ನೋಟದ ಮೇಲ್ಗಡೆ 'ಡೇಟಾ ಟೈಪ್ ಡಿಟೆಕ್ಷನ್' ಇದೆ. ಅದನ್ನು 'ಡು ನಾಟ್ ಡಿಟೆಕ್ಟ್' ಮಾಡಿ, 'ಟ್ರಾನ್ಸ್‌ಫಾರ್ಮ್ ಡೇಟಾ' ಒತ್ತಿ.
3. ತಾರೀಖಿನ ಕಾಲಂ ಮೇಲೆ ರೈಟ್ ಕ್ಲಿಕ್ → ಚೇಂಜ್ ಟೈಪ್ → ಯೂಸಿಂಗ್ ಲೊಕೇಲ್.
4. ಟೈಪ್ 'ಡೇಟ್', ಲೊಕೇಲ್ 'ಇಂಗ್ಲಿಷ್ (ಯುನೈಟೆಡ್ ಸ್ಟೇಟ್ಸ್)'. ಫೈಲ್ ಯಾವ ದೇಶದ್ದೋ ಆ ದೇಶ ಹಾಕಬೇಕು, ನಿಮ್ಮ ದೇಶ ಅಲ್ಲ.
5. 'ಕ್ಲೋಸ್ ಆಂಡ್ ಲೋಡ್'.

ಪೂರ್ತಿ ಕಾಲಂ ಅಕ್ಷರವಾಗಿಯೇ ಉಳಿದಿದ್ದರೆ ಇನ್ನೂ ಸುಲಭ. ಕಾಲಂ ಆರಿಸಿ, ಡೇಟಾ → ಟೆಕ್ಸ್ಟ್ ಟು ಕಾಲಮ್ಸ್, ಎರಡು ಸಲ ನೆಕ್ಸ್ಟ್, ಮೂರನೆಯ ಪುಟದಲ್ಲಿ ಡೇಟ್ ಆರಿಸಿ ಪಕ್ಕದಲ್ಲಿ 'ಎಂಡಿವೈ' (ತಿಂಗಳು-ದಿನ-ವರ್ಷ) ಹಾಕಿ ಫಿನಿಶ್. ಇಲ್ಲೂ ಅದೇ ಎಡವಟ್ಟು ಆಗುತ್ತದೆ: ನಮಗೆ ದಿನ ಮೊದಲು ಬೇಕು ಅಂತ 'ಡಿಎಂವೈ' ಹಾಕುತ್ತಾರೆ. ಅದು ಕೇಳುತ್ತಿರುವುದು ಡೇಟಾ ಈಗ ಹೇಗಿದೆ ಎಂದು.

ಅರ್ಧ ಕೆಟ್ಟ ಫೈಲೇ ಕೈಯಲ್ಲಿದ್ದು ಮೂಲ ಫೈಲ್ ಎಲ್ಲಾದರೂ ಇದ್ದರೆ ಅದಕ್ಕೇ ಹಿಂತಿರುಗಿ. ಮೂಲ ಕಳೆದೇ ಹೋಗಿದ್ದರೆ, ಮತ್ತು ಎಲ್ಲವೂ ಅಮೆರಿಕದ ರೂಪದಲ್ಲೇ ಇತ್ತು ಎಂಬುದು ಖಾತ್ರಿ ಇದ್ದರೆ ಮಾತ್ರ, ಪಕ್ಕದ ಕಾಲಂನಲ್ಲಿ ಸೂತ್ರ ಬರೆಯಬಹುದು. ಖಾನೆ ಸಂಖ್ಯೆಯಾಗಿದ್ದರೆ ಡೇಟ್ ಫಂಕ್ಷನ್ನಿಗೆ ಅದರ ವರ್ಷ, ಅದರ ದಿನ, ಅದರ ತಿಂಗಳು ಎಂದು ಕೊನೆಯ ಎರಡನ್ನು ಅದಲುಬದಲು ಮಾಡಿ ಕೊಡಿ. ಅಕ್ಷರವಾಗಿದ್ದರೆ ಎಡದ ಎರಡಂಕಿಯನ್ನು ತಿಂಗಳಾಗಿ, ಮಧ್ಯದ್ದನ್ನು ದಿನವಾಗಿ, ಬಲದ ನಾಲ್ಕನ್ನು ವರ್ಷವಾಗಿ ಕೊಡಿ.

ಖಾನೆಯಲ್ಲಿ ಇರುವುದು ನಿಜವಾದ ತಾರೀಖೋ ಅಲ್ಲವೋ ಎಂಬ ಅನುಮಾನ ಬಂದರೆ ಫಾರ್ಮ್ಯಾಟನ್ನು 'ಜನರಲ್' ಮಾಡಿ ನೋಡಿ. 45 ಸಾವಿರದ ಆಸುಪಾಸಿನ ಸಂಖ್ಯೆ ಬಂದರೆ ತಾರೀಖು. ಏನೂ ಬದಲಾಗದಿದ್ದರೆ ಅಕ್ಷರ. ತಾರೀಖಿನ ಫಾರ್ಮ್ಯಾಟ್ ಪಟ್ಟಿಯಲ್ಲಿ ಕೆಲವದರ ಮುಂದೆ ನಕ್ಷತ್ರದ ಗುರುತು ಇರುತ್ತದೆ. ಅವು ತೆರೆದ ಕಂಪ್ಯೂಟರಿನ ಸೆಟ್ಟಿಂಗ್‌ಗೆ ತಕ್ಕಂತೆ ಬದಲಾಗುತ್ತವೆ. ನೀವು ನೋಡಿದ್ದೇ ಎದುರಿನವರಿಗೂ ಕಾಣಬೇಕಾದರೆ ನಕ್ಷತ್ರ ಇಲ್ಲದ್ದನ್ನು ಆರಿಸಿ.

ಎರಡಂಕಿಯ ವರ್ಷ ಬೇಡವೇ ಬೇಡ. ಎಕ್ಸೆಲ್ ಸಾಮಾನ್ಯವಾಗಿ 00ರಿಂದ 29ರವರೆಗೆ 2000ದ ದಶಕಗಳೆಂದೂ 30ರಿಂದ 99ರವರೆಗೆ 1900ರ ದಶಕಗಳೆಂದೂ ಹಿಡಿಯುತ್ತದೆ. 1928ರಲ್ಲಿ ಹುಟ್ಟಿದ ಅಜ್ಜನ ಪಿಂಚಣಿ ದಾಖಲೆಯಲ್ಲಿ 28 ಎಂದು ಬರೆದರೆ ಅವರು ಹುಟ್ಟುವುದು 2028ರಲ್ಲಿ.

ತಾರೀಖಲ್ಲದ್ದನ್ನೂ ತಾರೀಖು ಮಾಡುವ ಚಾಳಿ ಎಕ್ಸೆಲ್‌ಗಿದೆ. ಮನೆ ನಂಬರ್ 3/4 ಎಂದು ಹಾಕಿ ನೋಡಿ. ಮನುಷ್ಯರ ಜೀನುಗಳಲ್ಲಿ 'ಮಾರ್ಚ್1', 'ಸೆಪ್ಟ್1' ಎಂಬ ಹೆಸರಿನವು ಇದ್ದವು, ಎಕ್ಸೆಲ್ ಅವನ್ನು ತಾರೀಖು ಮಾಡುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಜೀನುಗಳಿಗೆ ಹೆಸರಿಡುವ ಸಮಿತಿಯೇ ಸೋತು, ಅವುಗಳ ಹೆಸರನ್ನು ಬದಲಿಸಿತು! ನಾವು ಆ ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡಿಟ್ಟರೆ ಸಾಕು.

ಗೂಗಲ್ ಶೀಟ್ಸ್‌ನಲ್ಲಿ ಫೈಲ್ → ಸೆಟ್ಟಿಂಗ್ಸ್ → ಲೊಕೇಲ್. ಇದು ಆ ಫೈಲಿಗೆ ಅಂಟಿದ್ದು, ಕಂಪ್ಯೂಟರಿಗಲ್ಲ. ಬೆಂಗಳೂರಿನವರೂ ಬೋಸ್ಟನ್‌ನವರೂ ಒಂದೇ ರೂಪ ನೋಡುತ್ತಾರೆ. ಡೇಟಾ ತರುವ ಮುಂಚೆಯೇ ಲೊಕೇಲ್ ಸರಿಮಾಡಿಕೊಳ್ಳಿ.

ಮಧ್ಯರಾತ್ರಿ ಹನ್ನೆರಡರ ಗೊಂದಲ

12 ಗಂಟೆಯ ಗಡಿಯಾರದಲ್ಲಿ 12:20 ಎಎಂ ಅಂದರೆ ಮಧ್ಯರಾತ್ರಿ ದಾಟಿ ಇಪ್ಪತ್ತು ನಿಮಿಷ. ರೈಲ್ವೆಯವರು ಇದನ್ನೇ 00:20 ಎಂದು ಬರೆಯುತ್ತಾರೆ. ಟಿಕೆಟಿನಲ್ಲಿ 15ನೇ ತಾರೀಖು 00:20 ಎಂದಿದ್ದರೆ 14ರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಹೊರಡಬೇಕು. 15ರ ರಾತ್ರಿ ಹೋದರೆ ರೈಲು ಹೋಗಿ ಒಂದು ದಿನ ಆಗಿರುತ್ತದೆ. ಬುಕ್ ಮಾಡಿದ ಕೂಡಲೇ ಫೋನಿನ ಕ್ಯಾಲೆಂಡರಿನಲ್ಲಿ '14 ರಾತ್ರಿ 11ಕ್ಕೆ ಮನೆ ಬಿಡುವುದು' ಎಂದು ಹಾಕಿಕೊಳ್ಳಿ.

ಹೊರದೇಶದವರ ಜೊತೆ ಮೀಟಿಂಗು, ಗಡುವು

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. 2026ರಲ್ಲಿ ಇವು ಮಾರ್ಚ್ 8 ಮತ್ತು ನವೆಂಬರ್ 1. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ನಮ್ಮಲ್ಲಿ ಈ ಪದ್ಧತಿ ಇಲ್ಲ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿ ಬೆಳಗ್ಗೆ 7:30ರ ಮೀಟಿಂಗ್ ನಮಗೆ ಬೇಸಿಗೆಯಲ್ಲಿ ರಾತ್ರಿ 8, ಚಳಿಗಾಲದಲ್ಲಿ ರಾತ್ರಿ 9. ಅರಿಜೋನಾದ ಬಹುಭಾಗದಲ್ಲಿ ಗಡಿಯಾರ ಬದಲಾಗುವುದೇ ಇಲ್ಲ.

ಪ್ರತಿ ವಾರದ ಮೀಟಿಂಗ್ ಮಾಡುವಾಗ ಕ್ಯಾಲೆಂಡರಿನಲ್ಲಿ ಯಾರ ಝೋನ್ ಹಾಕಿದ್ದೀರಿ ಎಂಬುದು ಮುಖ್ಯ. ಅವರ ಝೋನ್ ಹಾಕಿದರೆ ನವೆಂಬರಿನಲ್ಲಿ ನಿಮ್ಮ ಊಟದ ಹೊತ್ತು ಜರುಗುತ್ತದೆ, ನಮ್ಮದು ಹಾಕಿದರೆ ಅವರ ನಿದ್ದೆ. ಯಾರದು ಅಂತ ಮೊದಲೇ ಮಾತಾಡಿಕೊಂಡುಬಿಡಿ. ಮೇಲ್‌ನಲ್ಲಿ ಬರೀ 'ಐಎಸ್‌ಟಿ' ಎಂದು ಬರೆಯಬೇಡಿ, ಐರ್ಲೆಂಡ್ ಮತ್ತು ಇಸ್ರೇಲಿನವರೂ ತಮ್ಮ ಸಮಯಕ್ಕೆ ಅದೇ ಮೂರಕ್ಷರ ಬಳಸುತ್ತಾರೆ. 'ಭಾರತದ ಸಮಯ' ಎಂದು ಬಿಡಿಸಿ ಬರೆದರೆ ಆಯಿತು. ಅಮೆರಿಕದ ಪೂರ್ವ ಕರಾವಳಿಯ ಕಾಲೇಜಿಗೆ ರಾತ್ರಿ 11:59 ಗಡುವು ಇದ್ದರೆ ನಮಗೆ ಮಾರನೆಯ ಬೆಳಗ್ಗೆ 9:29 ಅಥವಾ 10:29ರವರೆಗೆ ಸಮಯವಿದೆ. 9:29 ಎಂದೇ ಇಟ್ಟುಕೊಳ್ಳಿ.

ಫಾರಂ ತುಂಬುವಾಗ

ಅಮೆರಿಕದ ವೀಸಾಕ್ಕೆ ತುಂಬುವ ಡಿಎಸ್-160ರಲ್ಲಿ ತಿಂಗಳನ್ನು ಹೆಸರಿನಿಂದ ಆರಿಸುವುದರಿಂದ ಭಯವಿಲ್ಲ. ಅಲ್ಲಿಗೆ ಹೋದ ಮೇಲೆ ವಲಸೆ ಇಲಾಖೆಯ ಫಾರಂಗಳು ತಿಂಗಳು ಮೊದಲು ಕೇಳುತ್ತವೆ. ನಮ್ಮ ಪಾಸ್‌ಪೋರ್ಟಿನಲ್ಲಿ ದಿನ ಮೊದಲು. 04/09/1998 ಎಂದಿರುವುದನ್ನು ನೋಡಿಕೊಂಡು ಹಾಗೇ ಇಳಿಸಿದರೆ ಸೆಪ್ಟೆಂಬರ್ 4 ಹೋಗಿ ಏಪ್ರಿಲ್ 9 ಆಗುತ್ತದೆ. ಸಲ್ಲಿಸುವ ಮುಂಚೆ ಹುಟ್ಟಿದ ದಿನ, ಪಾಸ್‌ಪೋರ್ಟ್ ಕೊಟ್ಟ ದಿನ, ಮುಗಿಯುವ ದಿನ ಮೂರನ್ನೂ ತಿಂಗಳ ಹೆಸರು ಬಾಯಲ್ಲಿ ಹೇಳುತ್ತಾ ಇನ್ನೊಮ್ಮೆ ನೋಡಿ.

ಸಿಸಿಟಿವಿ, ಕ್ಯಾಮೆರಾ

ಸಿಸಿಟಿವಿಯ ಡಿವಿಆರ್ ಅನ್ನು, ಅಂದರೆ ವಿಡಿಯೋ ಉಳಿಸುವ ಪೆಟ್ಟಿಗೆಯನ್ನು, ಹಾಕಿಸಿದ ದಿನ ಬಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ಅಂಗಡಿಯಲ್ಲಿ ಕಳವಾದ ದಿನ ನೋಡಿದರೆ ವಿಡಿಯೋ ಮೇಲಿನ ಸಮಯ ಎರಡೂವರೆ ಗಂಟೆ ಮುಂದಿರುತ್ತದೆ. ಮೆನುವಿನಲ್ಲಿ ಝೋನ್ 'ಜಿಎಂಟಿ+05:30' ಮಾಡಿ (ಇಲ್ಲಿ ಜಿಎಂಟಿ ಅಂದರೆ ಯುಟಿಸಿ ಅಂತಲೇ ಲೆಕ್ಕ), ಬೇಸಿಗೆಯಲ್ಲಿ ಗಡಿಯಾರ ಮುಂದಕ್ಕೆ ಹಾಕುವ 'ಡಿಎಸ್‌ಟಿ' ಆಫ್ ಮಾಡಿ, ಇಂಟರ್ನೆಟ್ ಇದ್ದರೆ ಅದರಿಂದ ಸಮಯ ಸರಿಮಾಡಿಕೊಳ್ಳುವ 'ಎನ್‌ಟಿಪಿ' ಆನ್ ಮಾಡಿ. ತಾರೀಖಿನ ರೂಪ ವರ್ಷ-ತಿಂಗಳು-ದಿನ ಇರಲಿ.

ಕ್ಯಾಮೆರಾ ಪ್ರತಿ ಫೋಟೋದೊಳಗೂ ವರ್ಷ, ತಿಂಗಳು, ದಿನ, ಗಂಟೆ ಬರೆದಿಡುತ್ತದೆ. ಟೈಮ್ ಝೋನ್ ಬರೆಯುವ ಜಾಗ ಆ ಮಾನದಂಡಕ್ಕೆ ಸೇರಿದ್ದೇ 2016ರಲ್ಲಿ. ದುಬೈಗೆ ಹೋದಾಗ ಕ್ಯಾಮೆರಾದ ಝೋನ್ ಬದಲಿಸದಿದ್ದರೆ ಅದರ ಫೋಟೋಗಳು ಫೋನಿನ ಫೋಟೋಗಳಿಗಿಂತ ಒಂದೂವರೆ ಗಂಟೆ ಮುಂದೆ ಜೋಡಣೆಯಾಗುತ್ತವೆ.

ಫೈಲ್ ಹೆಸರು ಮತ್ತು ವಾರದ ನಂಬರ್

ಫೈಲಿಗೆ ಹೆಸರಿಡುವಾಗ ವರ್ಷ ಮೊದಲು ಬರೆಯಿರಿ: '2025-06-05 ಗೃಹಪ್ರವೇಶ'. ಇದು 1988ರಲ್ಲಿ ಬಂದ ಐಎಸ್‌ಓ 8601 ಎಂಬ ಅಂತರರಾಷ್ಟ್ರೀಯ ಮಾನದಂಡದ ಕ್ರಮ. ಹೆಸರಿನ ಪ್ರಕಾರ ಜೋಡಿಸಿದರೆ ತಾರೀಖಿನ ಪ್ರಕಾರವೂ ತಾನಾಗಿಯೇ ಜೋಡಣೆಯಾಗುತ್ತದೆ. ದಿನ ಮೊದಲು ಬರೆದರೆ ಎಲ್ಲ ತಿಂಗಳ 1ನೇ ತಾರೀಖುಗಳೂ ಒಂದೆಡೆ ಗುಂಪು ಸೇರುತ್ತವೆ.

ಜರ್ಮನ್ ಕಂಪನಿಗಳ ಜೊತೆ ಕೆಲಸ ಮಾಡುವ ಬೆಂಗಳೂರಿನವರಿಗೆ ಇನ್ನೊಂದು ಲೆಕ್ಕ ಎದುರಾಗುತ್ತದೆ. ಅವರು ತಾರೀಖು ಹೇಳುವುದಿಲ್ಲ, 'ಸಿಡಬ್ಲ್ಯೂ 12ರಲ್ಲಿ ಕೊಡಿ' ಅನ್ನುತ್ತಾರೆ, ಅಂದರೆ ವರ್ಷದ 12ನೇ ವಾರ. ಅವರ ವಾರ ಸೋಮವಾರ ಶುರುವಾಗುತ್ತದೆ. ವರ್ಷದ ಮೊದಲ ಗುರುವಾರ ಯಾವ ವಾರದಲ್ಲಿದೆಯೋ ಅದೇ ಒಂದನೇ ವಾರ. ಎಕ್ಸೆಲ್‌ನ 'ವೀಕ್‌ನಮ್' ಫಂಕ್ಷನ್ ಹಾಗೆ ಎಣಿಸುವುದಿಲ್ಲ. ಅದು ಭಾನುವಾರದಿಂದ ಎಣಿಸುತ್ತದೆ, ಜನವರಿ 1 ಇರುವ ವಾರವನ್ನೇ ಮೊದಲನೆಯದು ಅನ್ನುತ್ತದೆ. 2025ರ ಡಿಸೆಂಬರ್ 29ಕ್ಕೆ ವೀಕ್‌ನಮ್ 53 ಅಂದರೆ ಜರ್ಮನಿಯವರು ಅದನ್ನು 2026ರ ಒಂದನೇ ವಾರ ಅನ್ನುತ್ತಾರೆ. ಅವರಿಗೆ ಕಳಿಸುವ ಶೀಟಿನಲ್ಲಿ 'ಐಎಸ್‌ಓ ವೀಕ್‌ನಮ್' ಎಂಬ ಫಂಕ್ಷನ್ನನ್ನೇ ಬಳಸಿ, ಪಕ್ಕದ ಕಾಲಂನಲ್ಲಿ ಆ ವಾರದ ಸೋಮವಾರದ ತಾರೀಖನ್ನೂ ತಿಂಗಳ ಹೆಸರಿನ ಜೊತೆ ಹಾಕಿ ಕಳಿಸಿ.